ಸೋಮಸೂತ್ರದ ಆಚೆಯ ಬಾವುಟ

"ಇನ್ಮೇಲೆ ಯಾವತ್ತೂ ಶಿವ್ನ ನೀರ ದಾಟಕಿಲ್ಲ" ಎಂದು ಗಂಗಾಂಬಿಕೆ ತನ್ನ ಅಜ್ಜಿಗೆ ಮಾತು ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ. ಉಡಿಗಾಲದ ಅಜ್ಜಿಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು, ಅಜ್ಜಿಯ ಅಂಗೈ ಮೇಲೆ ತನ್ನ ಅಂಗೈ ಇಟ್ಟು ಕೊಟ್ಟ ಮಾತು ಅದು. ತಮ್ಮ ಮಹದೇವನನ್ನು ಮಣ್ಣು ಮಾಡಿ ಬಂದು ಆಗಿನ್ನೂ ಒಂದು ದಿನವೂ ಕಳೆದಿರಲಿಲ್ಲ.

ಈಶ್ವರನ ಗುಡಿಯಲ್ಲಿ ಲಿಂಗಕ್ಕೆ ಎರೆದ ನೀರು ಉತ್ತರದ ಗೋಡೆಯ ಕಲ್ಲುಬಾಯಿಂದ ಹೊರಬಂದು ಸಣ್ಣದೊಂದು ಕಲ್ಲುಕಾಲುವೆಯಲ್ಲಿ ಹರಿದುಹೋಗುತ್ತದೆ. ಅದಕ್ಕೆ ಸೋಮಸೂತ್ರ ಎನ್ನುತ್ತಾರೆ. ಸುತ್ತು ಬರುವವರು ಅಲ್ಲಿಯವರೆಗೆ ಬಂದು, ನಿಂತು, ಬಂದ ದಾರಿಯಲ್ಲೇ ಹಿಂದಿರುಗಬೇಕು. ದಾಟುವಂತಿಲ್ಲ. ಉಡಿಗಾಲದ ಮಕ್ಕಳಿಗೆಲ್ಲ ಇದು ಗೊತ್ತು. ಗಂಗಾಂಬಿಕೆಗೂ ಗೊತ್ತಿತ್ತು. ಆದರೂ ಆ ದಿನ ಓಡಿ ಹಿಡಿಯುವ ಆಟದ ಹುರುಪಿನಲ್ಲಿ ಅವಳು ಕಾಲುವೆ ಹಾರಿದಳು. ಹಾರಿ ನಿಂತು, ಆಚೆ ಅನುಮಾನಿಸುತ್ತ ನಿಂತಿದ್ದ ಐದು ವರ್ಷದ ತಮ್ಮನನ್ನು "ಬಾರ್ಲಾ, ಏನೂ ಆಗಕಿಲ್ಲ" ಎಂದು ಕರೆದಳು. ಅವನೂ ಹಾರಿದ. ಪುಟ್ಟ ಕಾಲು, ಒಂದು ಪಾದ ನೀರಿಗೇ ಬಿತ್ತು. ನಕ್ಕ. ಸಂಜೆಗೆ ಮೈ ಕಾಯಿತು. ಮೂರನೇ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ, ಮೈಸೂರಿಗೆ ಕರೆದೊಯ್ಯುವ ದಾರಿಯಲ್ಲೇ, ಮುಗಿಯಿತು. ಮೆದುಳು ಜ್ವರ ಎಂದರು.

ಅಜ್ಜಿ ಒಬ್ಬಳೇ ಕೇಳಿದ್ದು, "ಎಲ್ಲಾಡ್ತಿದ್ರವ್ವ ಅವತ್ತು?" ಎಂದು. ಗಂಗಾಂಬಿಕೆ ಹೇಳಿದಳು. ಅಜ್ಜಿ, "ಇದ ನಿಮ್ಮವ್ವನ ಕಿವಿಗೆ ಆಕ್ಬೇಡ. ನಂಗೊಂದು ಮಾತು ಕೊಡು" ಎಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ತಲೆ ನೇವರಿಸಿ, ತಿನ್ನಲು ಹುರಿಗಡಲೆ ಕೊಟ್ಟಳು.

ಇದಾಗಿ ಇಪ್ಪತ್ತೊಂಬತ್ತು ವರ್ಷ. ಅಜ್ಜಿ ಇಲ್ಲ. ಅವ್ವನೂ ಇಲ್ಲ, ಅವಳಿಗೆ ಕಡೆಯವರೆಗೂ ತಿಳಿಯಲಿಲ್ಲ. ಗಂಗಾಂಬಿಕೆ ಈಗ ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು. ದಿನಕ್ಕೆ ನಾಲ್ಕು ಸಲ "ತೆರಕಣಾಂಬಿ ಇಳಿಯೋರು, ಬನ್ನಿ ಮುಂದಕ್ಕೆ" ಎಂದು ಕೂಗುತ್ತಾಳೆ. ಗಂಡ ತರಕಾರಿ ಲಾರಿ ಓಡಿಸುತ್ತ ವಾರಕ್ಕೆ ಐದು ದಿನ ಕೇರಳದಲ್ಲಿರುತ್ತಾನೆ. ಮನೆಯಲ್ಲಿ ಅತ್ತೆ ಸುಂದ್ರಮ್ಮ, ಎಂಟು ವರ್ಷದ ಮಗಳು ದಾಕ್ಷಾಯಿಣಿ.

ಇಂಥವಳಿಗೆ ಓರಿಯಂಟೀರಿಂಗ್ ಎಂಬ ಓಟದ ಹುಚ್ಚು ಹತ್ತಿದ್ದು ಮೂರು ವರ್ಷದ ಹಿಂದೆ. ಬಸ್ಸಿಗೆ ದಿನಾ ಹತ್ತುತ್ತಿದ್ದ, ಸೈನ್ಯದಿಂದ ನಿವೃತ್ತರಾದ ಮಲ್ಲಿಕಾರ್ಜುನಸ್ವಾಮಿ ಎಂಬವರು ಗುಂಡ್ಲುಪೇಟೆಯಲ್ಲಿ ಅದರದೊಂದು ಸಂಘ ಕಟ್ಟಿದ್ದರು. ಈ ಓಟಕ್ಕೆ ಗೆರೆ ಎಳೆದ ಮೈದಾನವಿಲ್ಲ. ಕೈಗೊಂದು ನಕ್ಷೆ ಕೊಡುತ್ತಾರೆ. ನಕ್ಷೆಯಲ್ಲಿ ಸುತ್ತುಗೆರೆ ಹಾಕಿ ನಂಬರು ಕೊಟ್ಟ ಜಾಗಗಳಲ್ಲಿ ಕೇಸರಿ–ಬಿಳಿ ಬಾವುಟ ಕಟ್ಟಿರುತ್ತಾರೆ. ಒಂದಾದ ಮೇಲೆ ಒಂದರಂತೆ ಎಲ್ಲವನ್ನೂ ಮುಟ್ಟಿ ಬರಬೇಕು. ಯಾವ ದಾರಿಯಲ್ಲಿ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಕಾಡಿನಲ್ಲಿ ಗಂಟೆಗಟ್ಟಲೆ ಓಡುವ ಬಗೆಯೂ ಉಂಟು. ಆದರೆ ಅವಳದು ಸ್ಪ್ರಿಂಟ್. ಊರಿನ ಓಣಿ ಸಂದಿಗಳಲ್ಲಿ ಕಾಲು ಗಂಟೆಯೊಳಗೆ ಮುಗಿಯುವ, ಉಸಿರು ಕಟ್ಟುವ ಓಟ. ಕಾಲಿಗಿಂತ ತಲೆ ಬೇಗ ಓಡಬೇಕು.

ಮೂವತ್ತೈದು ದಾಟಿದ ಹೆಂಗಸರು, ಅದಕ್ಕಿಂತ ಚಿಕ್ಕವರು ಎಂಬ ಭೇದವಿಲ್ಲದೆ ಈ ಸಲ ಒಟ್ಟಿಗೇ ಓಡಿಸುತ್ತಿದ್ದರು. ಮೊದಲು ಬಂದ ಇಬ್ಬರು ರಾಜ್ಯದ ಕೂಟಕ್ಕೆ. ಓಟ ತೆರಕಣಾಂಬಿಯ ಹಳೇ ಊರಿನಲ್ಲಿ, ಭಾನುವಾರ ಬೆಳಗ್ಗೆ.

ಆ ಬೆಳಗ್ಗೆ ದಾಕ್ಷಿಯ ಹಣೆ ಮುಟ್ಟಿದರೆ ಬೆಚ್ಚಗಿತ್ತು. ಸುಡುವಷ್ಟಲ್ಲ. ಗಂಗಾಂಬಿಕೆ ಮತ್ತೊಮ್ಮೆ ಮುಟ್ಟಿದಳು. ಆಮೇಲೆ ಕತ್ತಿನಡಿ. ಆಮೇಲೆ ತನ್ನದೇ ಹಣೆ ಮುಟ್ಟಿ ನೋಡಿಕೊಂಡಳು.

"ಎಷ್ಟ್ ಸಲ ಮುಟ್ಟೀಯವ್ವ? ಶೀತ ಅಷ್ಟೇಯ. ನೀ ಓಗು" ಎಂದಳು ದಾಕ್ಷಿ ಕಣ್ಣು ಬಿಡದೆ. "ಸೋತ್ರೆ ಬಸ್ಸಲ್ಲಿ ಕೂತ್ಕ ಬಾ. ಗೆದ್ರೆ ಓಡ್ಕಂಡೇ ಬಾ."

ಸುಂದ್ರಮ್ಮ ಒಲೆಯ ಮುಂದಿನಿಂದಲೇ ಕೈ ಬೀಸಿದಳು. "ಬಸ್ಸಲ್ಲಿ ನಿಂತು ನಿಂತು ಕಾಲು ಊದ್ಕತ್ತವೆ ಅಂತೀಯ, ನಂಗೊಂದ್ ಬಿಂದ್ಗೆ ನೀರು ತಂದ್ಕೊಡಕೆ ಕಾಲಿಲ್ಲ. ಓಡಕ್ಕೆ ಅಂದ್ರೆ ಎಲ್ಲಿಂದ ಬತ್ತವೋ ಕಾಣೆ ಕಾಲು. ಓಗು ಓಗು, ಕೂಸ ನಾ ನೋಡ್ಕತೀನಿ. ನಿನ್ ಗಂಡನ್ನೂ ಸಾಕಿದವಳು ನಾನೇಯ."

ಹೊಸ್ತಿಲು ದಾಟಿದವಳು ಮತ್ತೆ ಒಳಬಂದು ಇನ್ನೊಮ್ಮೆ ಹಣೆ ಮುಟ್ಟಿ ಹೋದಳು. ಮಗಳಿಗೆ ಮೈ ಬೆಚ್ಚಗಾದಾಗಲೆಲ್ಲ ಹೀಗೇ. ಎಂಟು ವರ್ಷದಿಂದ ಅಭ್ಯಾಸ. ಅಭ್ಯಾಸವಾದ ಹೆದರಿಕೆಯೂ ಹೆದರಿಕೆಯೇ.

ತೆರಕಣಾಂಬಿಯ ಶಾಲೆಯ ಅಂಗಳದಲ್ಲಿ ಹನ್ನೆರಡು ಹೆಂಗಸರು ಸೇರಿದ್ದರು. ಮಲ್ಲಿಕಾರ್ಜುನಸ್ವಾಮಿ ಎಲ್ಲರ ಮೊಬೈಲನ್ನೂ ಒಂದು ಅಕ್ಕಿ ಚೀಲಕ್ಕೆ ಹಾಕಿಸಿಕೊಳ್ಳುತ್ತಿದ್ದರು. ಓಟದಲ್ಲಿ ಫೋನು ಇರಕೂಡದು.

"ಸಾ, ನಂದೊಂದು ಕೈಯಲ್ಲಿರ್ಲಿ. ಕೂಸ್ಗೆ ಉಸಾರಿಲ್ಲ."

"ಕಾಲ್ಗಂಟೆ ಕಣಮ್ಮ. ಕಾಲ್ಗಂಟೇಲಿ ಏನಾದದು? ಹಾಕು ಚೀಲಕ್ಕೆ."

ಅವಳು ಹಾಕಿದಳು. ಚೀಲದ ಬಾಯಿ ಕಟ್ಟುವವರೆಗೂ ನೋಡುತ್ತ ನಿಂತಳು.

ಓಟಕ್ಕೆ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಅವಳಾದ ಒಂದು ನಿಮಿಷಕ್ಕೆ ಓಟ ಶುರು ಮಾಡಬೇಕಿದ್ದವಳು ಗುಂಡ್ಲುಪೇಟೆಯ ಫರಹತ್. ಹಾಸಿಗೆ ದಿಂಬಿನ ಅಂಗಡಿಯವರ ಮನೆಯ ಸೊಸೆ, ಇಪ್ಪತ್ತೆಂಟರ ಹುಡುಗಿ. ತಲೆಗೆ ಕಪ್ಪು ಬಟ್ಟೆ ಬಿಗಿದು, ಉದ್ದ ತೋಳಿನ ಅಂಗಿ ಹಾಕಿ, ಜಿಂಕೆಯ ಹಾಗೆ ಕಾಲು ಕೆದರುತ್ತಿದ್ದಳು. ಓಟವೆಂದರೆ ಈ ಇಬ್ಬರಲ್ಲೇ ಪೈಪೋಟಿ ಎಂದು ಸಂಘದವರಿಗೆಲ್ಲ ಗೊತ್ತಿತ್ತು.

"ಗಂಗಕ್ಕ, ಮುಖ ಯಾಕೆ ಹಿಂಗೆ, ಚಿಲ್ಲರೆ ಇಲ್ದಿರೋ ಪ್ಯಾಸೆಂಜರ್ ಸಿಕ್ಕಂಗೆ?" ಎಂದಳು ಫರಹತ್. "ನಾನು ಹಿಂದಿನಿಂದ ವಿಸಲ್ ಹೊಡೀಲಾ? ರೈಟ್, ರೈಟ್!"

"ನೀ ಹಿಂದೇನೇ ಇರು ತಾಯಿ, ಸಾಕು."

"ಹಿಂದೆ ಇರೋಕಾ ಇಷ್ಟು ದೂರ ಬಂದಿದ್ದು? ಒಂದು ನಿಮಿಷ ಅಷ್ಟೇ ಅಕ್ಕ ನಿಮಗೆ. ಹಿಡಿದುಬಿಡ್ತೀನಿ."

ನಗಬೇಕೆನಿಸಿತು, ಆಗಲಿಲ್ಲ. ಬೆರಳಿಗೆ ಕಡ್ಡಿಯಂಥದೊಂದನ್ನು ಪಟ್ಟಿಯಿಂದ ಸಿಗಿಸಿದರು. ಬಾವುಟದ ಪಕ್ಕದ ಪೆಟ್ಟಿಗೆಯ ತೂತಿಗೆ ಅದನ್ನು ಚುಚ್ಚಿದರೆ ಕೀಂ ಎನ್ನುತ್ತದೆ, ಯಾವ ಜಾಗಕ್ಕೆ ಯಾವ ಸೆಕೆಂಡಿಗೆ ಬಂದೆ ಎನ್ನುವುದು ದಾಖಲಾಗುತ್ತದೆ. ಗಡಿಯಾರ ಐದು ಸಲ ಕೂಗಿತು. ಗಂಗಾಂಬಿಕೆ ನಕ್ಷೆ ಮಗುಚಿ ಓಡಿದಳು.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗುವ ತೆರಕಣಾಂಬಿ ಒಂದು, ಒಳಗಿನ ತೆರಕಣಾಂಬಿ ಇನ್ನೊಂದು. ನಾಲ್ಕು ವರ್ಷದಿಂದ ದಿನಾ ಹಾದುಹೋಗುವ ಊರಿನ ಒಳಗೆ ಅವಳು ಒಂದು ದಿನವೂ ಕಾಲಿಟ್ಟಿರಲಿಲ್ಲ. ಓಣಿಯೊಂದು ಎಮ್ಮೆ ಕಟ್ಟಿದ ಗೊಂತಿನಲ್ಲಿ ಕೊನೆಯಾಗುವಂತೆ ಕಂಡು, ಕಡೇ ಗಳಿಗೆಯಲ್ಲಿ ಎಡಕ್ಕೆ ಬಾಯಿ ಬಿಡುತ್ತಿತ್ತು. ಮನೆಗಳ ಜಗಲಿಯ ಮೇಲಿದ್ದವರು ಕಾಲು ಎಳೆದುಕೊಂಡರು. "ಯಾರ್ ಕದ್ಕಂಡೋಯ್ತಾವ್ರೆ?" ಎಂದೊಬ್ಬ ಮುದುಕ ಕೇಳಿದ್ದು ಬೆನ್ನ ಹಿಂದೆ ಉಳಿಯಿತು. ಒಂದನೇ ಬಾವುಟ, ನೀರಿನ ತೊಟ್ಟಿಯ ಹಿಂದೆ: ಕೀಂ. ಎರಡು, ಹಾಳು ಗೋಡೆಯ ಮೂಲೆ: ಕೀಂ. ಹೆಬ್ಬೆರಳು ನಕ್ಷೆಯ ಮೇಲೆ ಅವಳ ಜೊತೆ ಜೊತೆಗೇ ಸರಿಯಿತು. ಮೂರು, ನಾಲ್ಕು, ಐದು, ಆರು. ಒಂದೂ ತಪ್ಪಲಿಲ್ಲ. ಇಂಥ ಓಟ ಅವಳಿಗೆ ಎಂದೂ ಕೂಡಿಬಂದಿರಲಿಲ್ಲ. ಹಿಂದೆ ಫರಹತ್‌ಳ ಹೆಜ್ಜೆಯ ಸದ್ದೂ ಇಲ್ಲ.

ಸುಲಭವಾಗಿ ಆಗುತ್ತಿರುವುದನ್ನು ನಂಬದ ಸ್ವಭಾವ ಅವಳದು. ಏಳನೆಯದನ್ನು ಚುಚ್ಚುವಾಗ ಒಳಗಿನಿಂದ ಒಂದು ದನಿ, ಇಲ್ಲಿ ಇಷ್ಟು ಚೆನ್ನಾಗಿ ನಡೆಯುತ್ತಿದೆ ಅಂದರೆ ಅಲ್ಲಿ ಮನೆಯಲ್ಲಿ ಏನೋ ಆಗುತ್ತಿದೆ ಎಂದಿತು. ಅಕ್ಕಿ ಚೀಲದೊಳಗೆ ಫೋನು ಹೊಡೆದುಕೊಳ್ಳುತ್ತಿರಬಹುದು. ಹನ್ನೆರಡು ಫೋನಿನ ನಡುವೆ ಯಾರಿಗೆ ಕೇಳೀತು? ಅವಳು ತಲೆ ಕೊಡವಿ ಎಂಟಕ್ಕೆ ಓಡಿದಳು. ಎಂಟರಿಂದ ಒಂಬತ್ತಕ್ಕೆ ನಕ್ಷೆ ನೋಡಿದಳು. ಊರ ಹಿಂದೆ ಪಾಳು ಪೌಳಿಯ ನಡುವೆ ಒಂದು ಕಟ್ಟಡ, ಅದರ ಉತ್ತರದ ಗೋಡೆಗೆ ಒತ್ತಿ ಸುತ್ತುಗೆರೆ.

ಪೌಳಿಯ ಬಾಗಿಲು ಪೂರ್ವಕ್ಕಿತ್ತು. ಒಳಗೆ ಹೊಕ್ಕರೆ ಹುಲ್ಲು, ಕಟ್ಟಿದ ಮೇಕೆಗಳು, ಒಣಗಲು ಹರವಿದ ಹುರುಳಿ. ನಡುವೆ ಸಣ್ಣದೊಂದು ಗುಡಿ, ಮುಂದೆ ಮೂಗು ಸವೆದ ಬಸವ. ಈಶ್ವರನ ಗುಡಿ.

ನಕ್ಷೆ ಹೇಳಿದ್ದು ಬಲಕ್ಕೆ, ಮೂವತ್ತು ಹೆಜ್ಜೆ. ಅವಳ ಕಣ್ಣೂ ಅದನ್ನೇ ಓದಿತ್ತು. ಆದರೆ ಕಾಲಿಗೆ ನಕ್ಷೆ ಓದಲು ಯಾರು ಕಲಿಸಿದ್ದರು? ಬಸವನನ್ನು ಕಂಡ ಕೂಡಲೆ ಕಾಲು ಎಡಕ್ಕೆ ತಿರುಗಿತು. ದೇವರು ಬಲಗೈಗೆ ಇರಬೇಕು. ನಡೆಯಲು ಕಲಿತಂದಿನಿಂದ ಗುಡಿಯೆಂದರೆ ಹಾಗೇ. ದಕ್ಷಿಣದ ಗೋಡೆ ದಾಟಿ, ಪಡುವಣ ಮೂಲೆಯ ಬೇವಿನ ನೆರಳಿಗೆ ಬಂದು, ಅಲ್ಲಿನ ಬಾವಲಿ ವಾಸನೆ ಮೂಗಿಗೆ ಅಡರಿದಾಗಲೇ ಅವಳಿಗೆ ತಾನು ಓಡುತ್ತಿಲ್ಲ, ಸುತ್ತು ಬರುತ್ತಿದ್ದೇನೆ ಎಂದು ತಿಳಿದದ್ದು. ಆಗಲೇ ಮುಕ್ಕಾಲು ಸುತ್ತು ಬಂದಾಗಿತ್ತು. ಇನ್ನೇನು, ಮೂಲೆ ತಿರುಗಿದರೆ ಬಾವುಟ. ತಿರುಗಿದಳು.

ಬಾವುಟ ಕಂಡಿತು. ಅದರ ಮುಂದೆ, ಅವಳಿಗೂ ಬಾವುಟಕ್ಕೂ ನಡುವೆ, ಕಲ್ಲಿನ ಹಸುವಿನ ಬಾಯಿ. ಕೆಳಗೆ ಎರಡು ಗೇಣು ಅಗಲದ ಕಾಲುವೆ.

ಅವಳ ಕಾಲು ತಾನಾಗಿಯೇ ನಿಂತಿತು.

ಬೆಳಗ್ಗೆಯೇ ಯಾರೋ ಪೂಜೆ ಮಾಡಿದ್ದರು. ಬಾಯಿಂದ ನೂಲೆಳೆಯಷ್ಟು ನೀರು ಇಳಿಯುತ್ತಿತ್ತು. ಒಂದು ಬಿಲ್ವದೆಲೆ ಕಲ್ಲಿಗೆ ಅಂಟಿ, ತೇಲಿಹೋಗಲಾರದೆ ನಡುಗುತ್ತಿತ್ತು. ಆಚೆಗೆ ನಾಲ್ಕೇ ಹೆಜ್ಜೆಯಲ್ಲಿ ಪೆಟ್ಟಿಗೆ. ಹಿಂದಕ್ಕೆ ಹೋದರೆ ಪಡುವಣ, ತೆಂಕಣ, ಮೂಡಣ, ಇಡೀ ಗುಡಿ ಸುತ್ತಿ ಆ ಕಡೆಯಿಂದ ಬರಬೇಕು. ಒಂದು ನಿಮಿಷ ಹೋದ ಹಾಗೆ. ಒಂದು ನಿಮಿಷ ಹೋದರೆ ಮೂರು ವರ್ಷದ ಬೆಳಗಿನ ಜಾವಗಳೂ ಹೋದ ಹಾಗೆ.

ಆದರೆ ಅವಳನ್ನು ಹಿಡಿದು ನಿಲ್ಲಿಸಿದ್ದು ಓಟದ ಲೆಕ್ಕವಲ್ಲ. ದಾಕ್ಷಿಯ ಕತ್ತಿನಡಿಯ ಬಿಸಿ ಅವಳ ಬೆರಳ ತುದಿಯಲ್ಲಿ ಹಾಗೇ ಕೂತಿತ್ತು. 'ಏನೂ ಆಗಕಿಲ್ಲ' ಎಂದು ಅವಳು ಯಾರಿಗೋ ಹೇಳಿದ್ದಳು. ಅವನ ಪಾದ ನೀರಿಗೆ ಬಿದ್ದಿತ್ತು.

ಎದುರಿನಿಂದ ಧಡಧಡ ಸದ್ದಾಗಿ ಫರಹತ್ ಬಂದಳು. ನಕ್ಷೆ ಹೇಳಿದಂತೆ ನೆಟ್ಟಗೆ ಬಲದಿಂದ ಬಂದಿದ್ದಳು. ಗುಡಿ ಸುತ್ತುವ ರೂಢಿ ಅವಳ ಕಾಲಿಗೆಲ್ಲಿ? ಕಡ್ಡಿ ಚುಚ್ಚಿದಳು, ಕೀಂ. ತಲೆಯೆತ್ತಿ ನೋಡಿ ಬೆಚ್ಚಿದಳು.

"ಅಕ್ಕ! ಬಾವುಟ ಇಲ್ಲೇ ಇದೆ, ಅಲ್ಲಿ ನಿಂತ್ಕೊಂಡು ಏನ್ ಮಾಡ್ತಿದೀರಿ?"

"ಇದ ದಾಟಂಗಿಲ್ಲ ಕಣಮ್ಮಿ."

"ಯಾವುದು, ಈ ಚರಂಡೀನಾ?"

"ಚರಂಡಿ ಅಲ್ಲ. ಶಿವ್ನ ನೀರು."

ಫರಹತ್ ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದಳು. "ಯಾ ಅಲ್ಲಾ, ನಾನೇನಾದ್ರೂ ತುಳಿದ್ನಾ?"

"ನೀ ಆ ಕಡೇನೇ ಇದ್ದೀಯಲ್ಲ, ಏನಿಲ್ಲ. ಓಗು ನೀನು, ಓಡು."

"ಸುತ್ತಿ ಬನ್ನಿ ಅಕ್ಕ, ಬೇಗ ಬೇಗ! ಇನ್ನೂ ಟೈಮಿದೆ" ಎಂದು ಕೂಗುತ್ತಲೇ ಅವಳು ಬಾಗಿಲ ಕಡೆ ಮಾಯವಾದಳು.

ಗಂಗಾಂಬಿಕೆ ಹಿಂದಿರುಗಿದಳು. ಒಂದು ಹೆಜ್ಜೆ ಇಟ್ಟಳು, ಎರಡು ಇಟ್ಟಳು. ಇಪ್ಪತ್ತೊಂಬತ್ತು ವರ್ಷದಿಂದ ಹೀಗೇ ಹಿಂದಿರುಗಿದ್ದಾಳೆ. ಮದುವೆಯ ಮರುದಿನ ಗಂಡನ ಜೊತೆ, ಬಸುರಿಯಿದ್ದಾಗ ಅತ್ತೆಯ ಜೊತೆ, ದಾಕ್ಷಿಯನ್ನು ಕಂಕುಳಲ್ಲಿ ಎತ್ತಿಕೊಂಡು. ಎಲ್ಲರೂ ಹಿಂದಿರುಗುತ್ತಾರೆ. ಉಳಿದವರಿಗೆ ಅದು ಪದ್ಧತಿ, ಇವಳಿಗೆ ಮಾತ್ರ ತಪ್ಪೊಪ್ಪಿಗೆ. ಪ್ರತಿ ಸಲವೂ ಕಾಲು ತಿರುಗಿಸಿದಾಗ, ಹೌದು, ನಾನು ಕರೆದದ್ದಕ್ಕೇ ಅವನು ಹೋದ, ನನ್ನಿಂದಲೇ ಹೋದ ಎಂದು ಮತ್ತೊಮ್ಮೆ ರುಜು ಹಾಕಿದಂತೆ. ಅಜ್ಜಿ ಆ ಮಾತನ್ನು ಬಾಯಿ ಬಿಟ್ಟು ಒಂದು ದಿನವೂ ಆಡಿರಲಿಲ್ಲ. ಆಡಬೇಕಿರಲಿಲ್ಲ. ಒಂಬತ್ತು ವರ್ಷದವಳ ಅಂಗೈ ಹಿಡಿದು ಮಾತು ತೆಗೆದುಕೊಂಡಿದ್ದಳಲ್ಲ, ಸಾಕಾಗಿತ್ತು.

ಮೂರನೇ ಹೆಜ್ಜೆಗೆ ಅವಳು ನಿಂತಳು. ಒಂಬತ್ತು ವರ್ಷ. ದಾಕ್ಷಿಗಿಂತ ಒಂದೇ ವರ್ಷ ದೊಡ್ಡವಳು. ನಾಳೆ ದಾಕ್ಷಿ ಹೀಗೇನಾದರೂ ಆಡಿ ಬಂದರೆ ಅವಳ ಕೈಯಿಂದ ನಾನು ಇಂಥ ಮಾತು ತೆಗೆದುಕೊಂಡೇನೇ?

ತಿರುಗಿ ನಾಲ್ಕು ಹೆಜ್ಜೆ ಓಡಿ ಹಾರಿದಳು.

ಹಾರಿದ್ದು ಗೊತ್ತು, ನೆಲಕ್ಕೆ ಕಾಲು ತಾಗಿದ್ದು ಗೊತ್ತು. ಆಮೇಲೆ ಹೆದರಿಕೆ ಮೈಮೇಲೆ ಬಿತ್ತು, ಮೂಟೆ ಬಿದ್ದ ಹಾಗೆ. ಅಲ್ಲಿಯವರೆಗೆ ಇದ್ದದ್ದು ಹೆದರಿಕೆಯೇ ಅಲ್ಲ ಎನ್ನಿಸುವಂಥ ಹೆದರಿಕೆ. ಕಡ್ಡಿ ತೂತಿಗೆ ಹೋಗಲೊಲ್ಲದು. ಎಡಗೈಯಿಂದ ಬಲಗೈ ಹಿಡಿದು ಚುಚ್ಚಿದಳು. ಕೀಂ. ಅವಳು ಹಿಂದೆ ನೋಡಲಿಲ್ಲ. ಹತ್ತು, ಹನ್ನೊಂದು, ಹನ್ನೆರಡನ್ನು ಹೇಗೆ ಮುಟ್ಟಿದಳೋ ಅವಳಿಗೇ ತಿಳಿಯದು. ಶಾಲೆಯ ಅಂಗಳಕ್ಕೆ ನುಗ್ಗಿ, ಕಡೆಯ ಪೆಟ್ಟಿಗೆ ಚುಚ್ಚಿ, ಯಾರೋ ಚಾಚಿದ ನೀರಿನ ಬಾಟಲಿಯನ್ನೂ ತಳ್ಳಿ ಅಕ್ಕಿ ಚೀಲದ ಹತ್ತಿರ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚಿದಳು.

ಯಾರ ಕರೆಯೂ ಬಂದಿರಲಿಲ್ಲ. ತಾನೇ ಮಾಡಿದಳು.

"ಕೂಸು ಮನಗದ ಕಣ" ಎಂದಳು ಸುಂದ್ರಮ್ಮ. "ನೀ ಮನೆ ಬುಟ್ಟಾಗ ಚಂದಾಗೇ ಇತ್ತು. ಈಗ ಅರ್ಧ ಗಂಟೆಯಿಂದ ಮೈ ಸುಡ್ತಾ ಅದ. ಒದ್ದೆ ಬಟ್ಟೆ ಆಕಿವ್ನಿ. ನೀ ಗಾಬ್ರಿ ಬೀಳ್ಬೇಡ."

ಅರ್ಧ ಗಂಟೆ. ಗಂಗಾಂಬಿಕೆ ಅಂಗಳದ ಗಡಿಯಾರ ನೋಡಿದಳು. ಅವಳು ಹಾರಿ ಐದು ನಿಮಿಷವಷ್ಟೇ ಆಗಿತ್ತು. ಹಾಗಾದರೆ ಜ್ವರ ಮೊದಲೇ ಏರಿದೆ. ಆದರೆ ಅತ್ತೆಗೆ ಐದು ನಿಮಿಷವೂ ಅರ್ಧ ಗಂಟೆಯೇ, ಅರ್ಧ ದಿನವೂ ಅರ್ಧ ಗಂಟೆಯೇ. ಲೆಕ್ಕ ಯಾವ ಕಡೆಗೂ ನಿಲ್ಲಲಿಲ್ಲ.

ಹೊರಟು ನಿಂತವಳನ್ನು ಮಲ್ಲಿಕಾರ್ಜುನಸ್ವಾಮಿ ತಡೆದರು. ಕೈಯಲ್ಲಿ ಪೆಟ್ಟಿಗೆಗಳ ವೇಳೆ ಮುದ್ರಿಸಿದ ಉದ್ದನೆಯ ಚೀಟಿಗಳು. "ಎರಡ್ನೇದು ಕಣಮ್ಮ ನೀನು! ಫರಹತ್ ಒಂದ್ನೇದು, ನೀ ಎರಡು. ಮೂರ್ನೇದಕ್ಕಿಂತ ಹನ್ನೊಂದೇ ಸೆಕೆಂಡು ಮುಂದೆ." ಆಮೇಲೆ ದನಿ ತಗ್ಗಿಸಿ ಅವಳನ್ನು ಬೇಲಿಯ ಮಗ್ಗುಲಿಗೆ ಕರೆದರು. "ಈ ಒಂಬತ್ತನೇದು ನೋಡು. ನಾ ಬಲಕ್ಕೆ ಮೂವತ್ತೆಜ್ಜೆ ಅಂತ ಸಲೀಸಾಗಿ ಇಟ್ಟಿದ್ದೆ. ನಮ್ಮ ಕಡೆ ಹೆಂಗಸ್ರು ಏಳು ಜನ ಎಡಕ್ಕೋಗಿದ್ದೀರಿ!"

"ದೇವ್ರು ಬಲಗೈಗಿರ್ಬೇಕಲ್ಲ ಸಾ."

"ಅದೇ ನಂಗೆ ಹೊಳೀದೆ ಹೋಯ್ತು. ಇಪ್ಪತ್ತು ವರ್ಷ ಮಿಲ್ಟ್ರೀಲಿದ್ದು ನಮ್ಮೂರೋರ ಕಾಲು ಮರ್ತುಬುಟ್ಟಿದ್ದೆ." ಅವರು ನಕ್ಕು, ನಗು ನಿಲ್ಲಿಸಿದರು. "ಆರು ಜನ ಮುಕ್ಕಾಲು ಸುತ್ತಿ ವಾಪಸ್ ಬಂದವ್ರೆ. ಎರಡೆರಡು ನಿಮಿಷ ಕಳ್ಕಂಡವ್ರೆ. ನಿಂದು ಒಂದು ನಿಮಿಷ ಹತ್ತು. ನೇರವಾಗೂ ಬಂದಿಲ್ಲ, ಸುತ್ತಿಯೂ ಬಂದಿಲ್ಲ."

ಗಂಗಾಂಬಿಕೆ ಬೇಲಿಯ ಮುಳ್ಳು ನೋಡುತ್ತ ನಿಂತಳು.

"ನಕ್ಷೇಲಿ ಅಡ್ಡಿ ಹಾಕಿಲ್ಲ, ನಿಯಮಕ್ಕೇನೂ ತಪ್ಪಿಲ್ಲ" ಎಂದರು ಅವರು. ಚೀಟಿ ಮಡಚಿ ಅವಳ ಕೈಗಿಟ್ಟರು. "ನಾ ಯಾರಿಗೂ ಹೇಳಕಿಲ್ಲ ಬುಡು."

ಆ ಕಡೆಯ ಮಾತೇ ಅವಳನ್ನು ಕೊಂದಿತು. ಯಾರಿಗೂ ಹೇಳಬಾರದ ಕೆಲಸ ಎಂದು ಅಜ್ಜಿಯೂ ಇದೇ ದನಿಯಲ್ಲಿ ಹೇಳಿದ್ದಳು.

ಬಸ್ಸಿನಲ್ಲಿ ಅವಳು ಪ್ರಯಾಣಿಕರ ಸೀಟಿನಲ್ಲಿ ಕೂತಿದ್ದಳು. ಕಂಡಕ್ಟರ್ ಮಾದಣ್ಣ, "ಏನ್ ಗಂಗಮ್ಮ, ಗೆದ್ಯಾ?" ಎಂದ. "ಗೆದ್ದೆ" ಎಂದಳು. "ಗೆದ್ದೋರ ಮುಖಾನ ಇದು!" ಎಂದು ಅವನು ಟಿಕೆಟ್ ಕೊಡದೆಯೇ ಮುಂದೆ ಹೋದ.

ಮನೆಗೆ ಬಂದಾಗ ದಾಕ್ಷಿಗೆ ನೂರಾ ಎರಡು. ಡಾಕ್ಟರು ನೋಡಿ, ಈಗ ಊರೆಲ್ಲ ಇದೇ ಜ್ವರ, ಮೂರು ದಿನ ಇರುತ್ತದೆ, ನಾಳೆ ರಕ್ತ ಕೊಡಿ ಎಂದರು. ಮೂರು ದಿನ ಎಂಬ ಮಾತು ಕೇಳಿ ಗಂಗಾಂಬಿಕೆ ಕುರ್ಚಿಯ ಕೈ ಹಿಡಿದುಕೊಂಡಳು.

ಸೋಮವಾರ ನೂರಾ ಮೂರು. ರಜೆ ಕೇಳಲು ಡಿಪೋಗೆ ಫೋನು ಮಾಡಿದರೆ, ಓಟಕ್ಕೆ ಕಾಲಿರುತ್ತೆ ಡ್ಯೂಟಿಗೆ ಇರಲ್ವಾ ಎಂಬ ಮಾತು. ಅವಳು ಫೋನು ಇಟ್ಟಳು. ಮಗಳ ಪಕ್ಕ ಕೂತು ಬಟ್ಟೆ ಅದ್ದಿ ಹಿಂಡಿ ಹಣೆಗೆ ಹಾಕಿದಳು. ದಾಕ್ಷಿ ನಿದ್ದೆಯಲ್ಲಿ ಒಮ್ಮೆ ನಕ್ಕಳು. ಜ್ವರದ ಮಕ್ಕಳು ನಗುವುದುಂಟು. ಆದರೆ ಕಾಲುವೆಯಾಚೆ ಒಂದು ಪಾದ ಒದ್ದೆ ಮಾಡಿಕೊಂಡು ಮಹದೇವ ನಕ್ಕದ್ದೂ ಹೀಗೇ. ಗಂಗಾಂಬಿಕೆ ಎದ್ದು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಳು. ರಕ್ತದ ವರದಿಯಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ಬರೆದಿತ್ತು. ಹೆದರುವಂಥದ್ದು ಏನೆಂದು ಆ ಕಾಗದಕ್ಕೆ ಹೇಗೆ ಗೊತ್ತು?

"ನಂಜುಂಡಪ್ಪಂಗೆ ಒಂದು ಮುಡಿಪು ಕಟ್ಟೇ" ಎಂದಳು ಸುಂದ್ರಮ್ಮ ಅರಿಸಿನದ ಬಟ್ಟೆ ತಂದು. "ಏನಾದ್ರೂ ತಪ್ಪು ಆಗಿದ್ರೆ ಹೊಟ್ಟೆಗೆ ಹಾಕ್ಕಪ್ಪ ಅನ್ನು."

"ಏನ್ ತಪ್ಪು ಅತ್ತೆ?"

ದನಿ ಅಷ್ಟು ಜೋರಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಸುಂದ್ರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ನಾನೇನಂದೆ ಈಗ? ಎಲ್ರೂ ಅನ್ನೋದು ತಾನೇ. ಒಳ್ಳೆ ಕಚ್ಚಕೆ ಬತ್ತೀಯ" ಎಂದು ತಾನೇ ಗಂಟು ಕಟ್ಟಿ ದೇವರ ಮುಂದಿಟ್ಟಳು. ಗಂಗಾಂಬಿಕೆ ಆ ಹಳದಿ ಗಂಟಿನ ಮುಂದೆ ಮೂರು ಸಲ ಹೋಗಿ ನಿಂತಳು. ತಪ್ಪಾಯಿತು ಎಂಬ ಒಂದು ಮಾತು. ಅಂದರೆ ಸಾಕು, ಕೂಸು ಉಳಿಯಬಹುದು. ಅಂದರೆ, ಅಂದು ಮಹದೇವ ಹೋದದ್ದೂ ತನ್ನಿಂದಲೇ ಎಂದಾಯಿತು. ಮೂರು ಸಲವೂ ಬಾಯಿ ಕಚ್ಚಿಕೊಂಡು ಹಿಂದೆ ಬಂದಳು. ತಾನು ಗಟ್ಟಿಯೋ ಪಾಪಿಯೋ ಅವಳಿಗೆ ತಿಳಿಯಲಿಲ್ಲ.

ಹಾರಿದ ದಿನವನ್ನೂ ಸೇರಿಸಿದರೆ ಮಂಗಳವಾರ ಮೂರನೇ ದಿನ. ಬಿಟ್ಟರೆ ಬುಧವಾರ. ಮಹದೇವ ಹೋದಾಗ ಹೇಗೆ ಎಣಿಸಿದ್ದರೆಂದು ಹೇಳುವವರು ಯಾರೂ ಬದುಕಿರಲಿಲ್ಲ. ಅವಳು ಎರಡಕ್ಕೂ ಹೆದರಿದಳು. ಮಂಗಳವಾರ ಮಧ್ಯಾಹ್ನ ಮೂರೂವರೆಯಿಂದ ಮಗಳ ಎದೆಯ ಮೇಲೆ ಅಂಗೈ ಇಟ್ಟು ಕೂತಳು. ನಾಲ್ಕಾಯಿತು. ಎದೆ ಏರಿತು, ಇಳಿಯಿತು. ನಾಲ್ಕು ಹತ್ತಾಯಿತು. "ಕೈ ಭಾರ ಆಯ್ತದೆ, ತಗಿಯವ್ವ" ಎಂದಳು ದಾಕ್ಷಿ. ತೆಗೆಯಲಿಲ್ಲ. ಜ್ವರ ನೂರಾ ಮೂರೇ ಇತ್ತು.

ಬುಧವಾರ ಬೆಳಗ್ಗೆ ಫರಹತ್‌ಳ ಫೋನು ಬಂತು. "ಅಕ್ಕ, ರಾಜ್ಯದ ಕೂಟಕ್ಕೆ ಫೋಟೋ, ಆಧಾರು ಕೊಡಬೇಕಂತೆ. ಪಾಪು ಹೇಗಿದೆ? ನಮ್ಮ ಅತ್ತೆ ಕುಲ್ಸುಂ ಬಿ ದಿನಾ ದುವಾ ಮಾಡ್ತಿದಾರೆ ನೋಡಿ, ನಾನು ಹೇಳಿದೆ." ತಡೆದು, ಸಣ್ಣ ದನಿಯಲ್ಲಿ ಕೇಳಿದಳು, "ಅವತ್ತು ಆ ನೀರು... ನನ್ನಿಂದ ಏನೂ ಆಗಲಿಲ್ಲ ಅಲ್ವಾ?"

ಗಂಗಾಂಬಿಕೆ ಫೋನನ್ನು ಕಿವಿಗೆ ಒತ್ತಿಕೊಂಡಳು. ಈ ಹುಡುಗಿಯೂ ಮೂರು ದಿನದಿಂದ ಹೆದರಿ ಕೂತಿದ್ದಾಳೆ. "ಇಲ್ಲ ಕಣಮ್ಮಿ" ಎಂದಳು. "ನಿನ್ನಿಂದ ಏನೂ ಆಗಿಲ್ಲ. ಹಂಗೆಲ್ಲ ಯಾರಿಂದಲೂ ಏನೂ ಆಗಕಿಲ್ಲ." ಹ್ಞಾಂ ಎಂದಳು ಫರಹತ್, ನೆಮ್ಮದಿಯಾಗಿ. ಹೇಳಿದವಳಿಗೆ ಆ ನೆಮ್ಮದಿ ಬರಲಿಲ್ಲ.

ಹತ್ತೂವರೆಗೆ ದಾಕ್ಷಿ ಬೆವರಿದಳು. ಬೆನ್ನು, ಕತ್ತು, ದಿಂಬು ಎಲ್ಲ ತೊಯ್ದು ತೊಪ್ಪೆ. ಜ್ವರದ ಕಡ್ಡಿ ತೊಂಬತ್ತೊಂಬತ್ತು ತೋರಿಸಿತು. ಗಂಗಾಂಬಿಕೆ ಕಡ್ಡಿ ಒದರಿ ಮತ್ತೆ ಇಟ್ಟಳು. ತೊಂಬತ್ತೊಂಬತ್ತೇ. ಜ್ವರ ಬಿಟ್ಟು ಮತ್ತೆ ಏರುವುದುಂಟು ಎಂದು ಅವಳಿಗೆ ಗೊತ್ತಿತ್ತು. ಮಹದೇವನಿಗೂ ಮೂರನೇ ದಿನ ಬೆಳಗ್ಗೆ ಬಿಟ್ಟಿತ್ತೇ? ನೆನಪಾಗಲಿಲ್ಲ. ಎಷ್ಟು ತಡಕಿದರೂ ಆ ಬೆಳಗು ನೆನಪಾಗಲಿಲ್ಲ.

ಮಧ್ಯಾಹ್ನ ದಾಕ್ಷಿ ಎದ್ದು ಕೂತು, "ಅನ್ನ ಬ್ಯಾಡ, ಮುದ್ದೆ ಉಪ್ಸಾರು ಮಾಡ್ಕೊಡು" ಎಂದಳು. "ಗೆದ್ರೆ ಓಡ್ಕ ಬಾ ಅಂದಿದ್ನಲ್ಲ, ಬಸ್ಸಲ್ಲಿ ಬಂದ್ಯಂತೆ. ಅಜ್ಜಿ ಅಂದ್ಳು." ಸುಂದ್ರಮ್ಮ ಮುದ್ದೆ ಕಟ್ಟಿಕೊಟ್ಟಳು. ಮಗಳು ನುಂಗಿದ ಪ್ರತಿ ತುತ್ತನ್ನೂ ಗಂಗಾಂಬಿಕೆ ಎದುರಿಗೆ ಕೂತು ನೋಡಿದಳು. ಮೂರೂವರೆಯಾಯಿತು. ಮುಕ್ಕಾಲಾಯಿತು. ದಾಕ್ಷಿ ಗೋಡೆಗೆ ಒರಗಿ ಪುಸ್ತಕದ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದಳು. ಗಂಗಾಂಬಿಕೆ ಅವಳ ಪಾದ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದಳು. ಪಾದ ಒಣಗಿತ್ತು, ತಣ್ಣಗಿತ್ತು.

ನಾಲ್ಕು ಹೊಡೆಯಿತು. ನಾಲ್ಕೂ ಕಾಲು. ಐದಕ್ಕೆ ಬೀದಿಯಲ್ಲಿ ಹಾಲಿನವನು ಕೂಗಿದ. ದಾಕ್ಷಿ ಪಾದ ಎಳೆದುಕೊಂಡು, "ಕಚಗುಳಿ ಆಯ್ತದೆ ಬುಡವ್ವ" ಎಂದು ಚೊಂಬು ಹಿಡಿದು ಹೊರಗೆ ಓಡಿದಳು.

ಗಂಗಾಂಬಿಕೆ ಕೂತಲ್ಲೇ ಕೂತಿದ್ದಳು. ಅಜ್ಜಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು. ಮುರಿದರೂ ಏನೂ ಆಗಿರಲಿಲ್ಲ; ಹಾಗಾದರೆ ಅಂದು ಮಹದೇವ ಹೋದದ್ದೂ ಅವಳು ಕರೆದದ್ದಕ್ಕಲ್ಲ.